ನೀರಿನ ಮೇಲೊಂದು ಹಾಸಿಗೆ

ಹಾಗಾಗಿ ಆ ಮಂಚ ಹೋಯ್ತು ಅಂದ್ನಲ್ಲ, ಯಾರ ಮನೇದು ಅಂತ ಹೇಳೋದೇ ಮರೆತೆ ನೋಡಿ. ನಮ್ಮ ಕಟ್ಟಿನಣ್ಣನ ಮನೇದು! ಫೋಟೋಗಳಿಗೆ ಕಟ್ಟು ಹಾಕೋ ಅಂಗಡಿಯೋನು. ಎಂಥಾ ಮನುಷ್ಯ ಅಂತೀರಿ! ಜೇಬಲ್ಲಿ ಯಾವಾಗ್ಲೂ ರಸಮಟ್ಟ (ಅದೇ, ಗಾಜಿನ ಕೊಳವೆಯೊಳಗೆ ಗುಳ್ಳೆ ಓಡಾಡೋ ಪಟ್ಟಿ). ಕಂಡೋರ ಮನೆ ಗೋಡೇಲಿ ಕ್ಯಾಲೆಂಡರು ಕೂದಲೆಳೆಯಷ್ಟು ಸೊಟ್ಟಗಿದ್ರೂ ಅವನಿಗೆ ಅನ್ನ ಸೇರಲ್ಲ.

ಎಲ್ಲಾ ಶುರುವಾಗಿದ್ದು ಒಂದು ಕೊಡ ನೀರಿಂದ. ನಲ್ಲಿ ಕೈಕೊಟ್ಟ ದಿನ ಅವನ ಹೆಂಡತಿ ಕೊಡ ಹಿಡ್ಕೊಂಡು ಮಹಡಿ ಮೇಲಿರೋ ಓರಗಿತ್ತಿ ಹತ್ರ ಹೋದ್ಲು. ಆಕೆ ಬಾಗಿಲು ಅರ್ಧ ತೆಗೆದು, "ಯಾಕಮ್ಮಾ, ನಿನ್ ಗಂಡ ನೀರಿನ ಫೋಟೋಗೆ ಕಟ್ಟು ಹಾಕಿ ಕೊಡ್ಲಿಲ್ವಾ?" ಅಂದ್ಲು. ಖಾಲಿ ಕೊಡ, ತುಂಬಿದ ಕಣ್ಣು, ಎರಡೂ ಹೊತ್ಕೊಂಡು ಇವಳು ಇಳಿದು ಬಂದ್ಲು.

ಕಟ್ಟಿನಣ್ಣ ಎದೆ ತಟ್ಕೊಂಡ. "ಇನ್ಮೇಲೆ ನೀನು ನೀರಿಗೆ ಅಂತ ಆ ಮೆಟ್ಲು ಹತ್ತಿದ್ರೆ ನನ್ ಹೆಸ್ರು ಬದಲಾಯಿಸು!"

"ಹೆಸ್ರು ಆಮೇಲೆ ನೋಡೋಣ. ನೀರು ಎಲ್ಲಿಡ್ತೀರಿ? ಇರೋದೇ ಒಂದು ಕೋಣೆ."

ಅಲ್ಲೇ ಹೊಳೀತು ನೋಡಿ. ಅವಳ ತವರಿನ ಮಂಚ ಅಂಗಡಿಗೆ ಹೋಗಿ ಮೇಜಾಯ್ತು. ಆ ಜಾಗದಲ್ಲಿ ಇಪ್ಪತ್ತು ಲೀಟರಿನ ಹನ್ನೆರಡು ಕ್ಯಾನು! ಆರು ಅವನ ಕಡೆ, ಆರು ಅವಳ ಕಡೆ, ಒಂದೊಂದಕ್ಕೂ ಪುಟ್ಟ ನಲ್ಲಿ. ಮೇಲೆ ಹಲಗೆ, ಹಲಗೆ ಮೇಲೆ ಹಾಸಿಗೆ. ಹೆಸರು 'ಆಪತ್ಕಾಲೀನ ಜಲಭಂಡಾರ'. ರಸಮಟ್ಟ ಇಟ್ಟ, ಗುಳ್ಳೆ ನಟ್ಟನಡುವೆ.

"ನೀರು ಖಾಲಿಯಾದ್ರೆ ಕ್ಯಾನು ಅಪ್ಪಚ್ಚಿಯಾಗಲ್ವೇನ್ರೀ?"

"ಆಪತ್ತು ಬಂದಾಗ ಮಲಗೋಕೆ ಪುರುಸೊತ್ತು ಯಾರಿಗಿರತ್ತೆ ಕಣೇ!"

"ನನ್ ಮಂಚ ನುಂಗಿ ನೀರು ಕುಡಿದ್ರಲ್ಲ, ನೆನಪಿಟ್ಕೋತೀನಿ" ಅಂದ್ಲು.

ಆದ್ರೆ ಆ ಹಾಸಿಗೆ ಸುಖ ಏನ್ ಹೇಳ್ಲಿ! ಮಧ್ಯಾಹ್ನ ಕಿಟಕಿ ಬಿಸಿಲು ಕ್ಯಾನುಗಳಿಗೆ ತಾಗಿದ್ರೆ ಸೂರಿನ ತುಂಬ ಬೆಳಕಿನ ಮೀನುಗಳು ಈಜೋವು. ಮಗ್ಗುಲು ಬದಲಿಸಿದ್ರೆ ಕೆಳಗೆ ಗುಳುಂ, ಯಾರೋ ನಿದ್ದೇಲಿ ಉಗುಳು ನುಂಗಿದ ಹಾಗೆ. ಕನಸಲ್ಲಿ ಅವನು ದೋಣಿ ನಡೆಸೋನು, ದಡದಲ್ಲಿ ಓರಗಿತ್ತಿ ಖಾಲಿ ಕೊಡ ಹಿಡ್ಕೊಂಡು ಕೂಗೋಳು. ಅವಳ ಕನಸಲ್ಲೂ ಅದೇ ದೋಣಿಯಂತೆ! ಅವಳು ಕಾಲು ನೀಡಿ ಕೂತಿರ್ತಿದ್ಲಂತೆ, ಅವನು ಹುಟ್ಟು ಹಾಕಿ ಹಾಕಿ ಬೆವರ್ತಿದ್ನಂತೆ.

ಕೊನೆಗೂ ಆಪತ್ತು ದಯಮಾಡಿಸ್ತು. ಎಲ್ಲೋ ದೊಡ್ಡ ಪೈಪು ಒಡೆದು ಬೀದಿಗೆಲ್ಲ ತೊಟ್ಟು ನೀರಿಲ್ಲ. ಮಹಡಿ ಟ್ಯಾಂಕೂ ಒಣಗ್ತು. ಮೆಟ್ಲಲ್ಲಿ ಹೆಜ್ಜೆ ಸದ್ದು, ಈ ಸಲ ಮೇಲಿಂದ ಕೆಳಕ್ಕೆ! ಬಾಗಿಲಲ್ಲಿ ಓರಗಿತ್ತಿ, ಸೊಂಟದಲ್ಲಿ ಕೊಡ.

"ಒಂದೇ ಒಂದು ಕೊಡ ಸಾಕಮ್ಮಾ..."

"ಅಯ್ಯೋ ಒಂದ್ಯಾಕಕ್ಕ? ನೀರು ಬರೋವರ್ಗೂ ದಿನಾ ಬನ್ನಿ!" ಅಂತ ಹೆಂಡತಿ ಬಗ್ಗಿ ನಲ್ಲಿ ತಿರುಗಿಸಿದ್ಲು. ಅವನ ಕಡೇದು. ಕಟ್ಟಿನಣ್ಣನ ಎದೆ ಎಷ್ಟು ಉಬ್ಬಿತ್ತು ಅಂದ್ರೆ ಯಾವ ಕಡೇದು ಅಂತ ಬಗ್ಗಿ ನೋಡೋಕೇ ಆಗ್ಲಿಲ್ಲ.

ಓರಗಿತ್ತಿ ಕೊಡಕ್ಕೂ ಮನೆ ಖರ್ಚಿಗೂ ಅದೇ ಕಡೆ ನಲ್ಲಿ ತಿರುಗಿ ತಿರುಗಿ, ಮೂರನೇ ದಿನ ಮಧ್ಯಾಹ್ನ ದೋಣಿ ಮೆಲ್ಲಗೆ ವಾಲ್ತು. ಕಣ್ಣು ಬಿಟ್ರೆ ನೆಲದ ಮೇಲಿದ್ದಾನೆ! ಎದ್ದವನೇ ಹಾಸಿಗೆ ಮೇಲೆ ರಸಮಟ್ಟ ಇಟ್ಟ.

"ಏನೇ ಇದು! ಗುಳ್ಳೆ ನಿನ್ ಕಡೆ ಓಡ್ತಿದೆ!"

"ಅದಕ್ಕಾದ್ರೂ ಬುದ್ಧಿಯಿದೆ."

"ನಿನ್ ಕಡೆ ನೀರೂ ಒಂಚೂರು ಬಿಡೇ, ಎರಡೂ ಕಡೆ ಸಮ ಆಗ್ಲಿ!"

"ನನ್ ಕಡೇದು ಮುಟ್ಟಬೇಡಿ. ಅದು ನೀರಲ್ಲ, ನನ್ ತವರಿನ ಮಂಚ!" ಅಂದು ಆ ಕಡೆ ತಿರುಗಿ ಮಲಗಿದ್ಲು.

ಮಾರನೇ ದಿನ ನೀರೇನೋ ಬಂತು. ಆದ್ರೆ ಅಪ್ಪಚ್ಚಿಯಾದ ಕ್ಯಾನುಗಳು ನೀರು ಹಿಡಿಯಲ್ವಲ್ಲ! ಈಗ್ಲೂ ಹಾಗೇ ಇದೆ. ಅವಳು ಮೇಲೆ ದೋಣೀಲಿ, ಅವನು ಕೆಳಗೆ ಚಾಪೇಲಿ, ಸೂರಿನ ಮೀನು ಎಣಿಸ್ತಾ. "ಮೆಟ್ಲು ಹತ್ತೋ ಹಾಗೆ ಮಾಡ್ಲಿಲ್ಲ ತಾನೇ?" ಅಂತ ಮಲಗಿದಲ್ಲೇ ಮೀಸೆ ತಿರುವ್ತಾನೆ.

ನೀವೂ ಒಂದ್ಸಲ ಹೋಗಿ ನೋಡ್ಕೊಂಡು ಬನ್ನಿ, ಪುಣ್ಯ ಬರುತ್ತೆ. ಮಧ್ಯಾಹ್ನವೇ ಹೋಗಿ, ಬಾಗಿಲು ಜೋರಾಗಿ ಬಡೀಬೇಡಿ, ಅವಳು ಮಲಗಿರ್ತಾಳೆ. ಆಮೇಲೆ, ಬರಿಗೈಲಿ ಹೋಗ್ಬೇಡಿ. ತುಂಬಿದ ಕ್ಯಾನು ಒಂದು ಹೊತ್ಕೊಂಡು ಹೋಗಿ, ಅವನ ಕಡೆಗೆ.