ಆಯುಧಪೂಜೆಯಲ್ಲಿ ನನ್ನ ರಬ್ಬರ್ ಬೆರಳು

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು. ವೈಟ್‌ಫೀಲ್ಡಿನ ಕಚೇರಿಯಲ್ಲಿ ನನಗೆ ಸಂಬಳ ಸಿಗುತ್ತಿದ್ದುದು ಇದೇ ವಿದ್ಯೆಗೆ. ರಬ್ಬರಿಗೆ ಕಬ್ಬಿಣದ ಪುಡಿ ಬೆರೆಸಿದರೆ ಅದು ಅಯಸ್ಕಾಂತದ ಮಾತು ಕೇಳುತ್ತದೆ. ಸಾಸಿವೆಗಿಂತ ಸಣ್ಣ ತುಣುಕಿನಲ್ಲಿ ಆ ಪುಡಿ ರಬ್ಬರನ್ನು ಹೇಗೆ ಎಳೆದಾಡುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಬೆರಳಿನಾಕಾರದ ಇಡೀ ರಬ್ಬರ್ ಪಟ್ಟಿ ಹೇಗೆ ಬಾಗುತ್ತದೆಂದು ನಾನು ಭವಿಷ್ಯ ನುಡಿಯುತ್ತಿದ್ದೆ. ಪರದೆಯ ಮೇಲೆ ನನ್ನ ರಬ್ಬರ್ ಬೆರಳು ಹೊಸ ಅಳಿಯನಂತೆ ವಿನಯದಿಂದ ಬಾಗುತ್ತಿತ್ತು.

ಪೀಣ್ಯದ ಕಾರ್ಖಾನೆಯೊಂದರ ಮಾಲೀಕರಿಗೆ ನಾಜೂಕಾದ ಬಿಡಿಭಾಗ ಎತ್ತಲು ಇಂಥ ಬೆರಳು ಬೇಕಿತ್ತು. ಆ ಆರ್ಡರ್ ಬರದಿದ್ದರೆ ನಮ್ಮ ತಂಡವನ್ನೇ ಮುಚ್ಚುತ್ತೇವೆ ಎಂದು ಮೇಲಿನವರು ಹೇಳಿದ್ದರು. ನಾನೇ ಕೈಯಾರೆ ರಬ್ಬರು ಕಲಸಿ, ಅಚ್ಚಿಗೆ ಸುರಿದು, ಗಟ್ಟಿಯಾಗಲೆಂದು ತುದಿ ಕೆಳಗಾಗಿ ನಿಲ್ಲಿಸಿಟ್ಟು ಮನೆಗೆ ಹೋದೆ. ಆಯುಧಪೂಜೆಗೆ ಮಾಲೀಕರು ಮನೆಯವರನ್ನೂ ಕರೆದಿದ್ದರು. ಹೆಂಡತಿ ಸುಧಾಳೊಂದಿಗೆ ಬೆರಳನ್ನೂ ಕರೆದುಕೊಂಡು ಹೋದೆ.

ಅರ್ಚಕರ ಕೈಯಿಂದ ಬೆರಳಿಗೆ ಅರಿಶಿನ, ಕುಂಕುಮ, ಸೇವಂತಿಗೆ ಎಲ್ಲ ಏರಿತು. ಮುಂದೆ ಒಂದು ನಿಂಬೆಹಣ್ಣು, ಪಕ್ಕದಲ್ಲಿ ಕುಂಕುಮದ ತಟ್ಟೆ. ನನಗೆ ತಡೆಯಲಾಗಲಿಲ್ಲ. ಈಗಲೇ ತೋರಿಸುತ್ತೇನೆ ಎಂದೆ.

"ನಾಡಿದ್ದು ಓಡ್ಸೋಣ ಸಾರ್. ಇವತ್ತು ಯಂತ್ರ ಮುಟ್ಟಂಗಿಲ್ಲ," ಎಂದರು ಮಾಲೀಕರು.

ರಬ್ಬರು ಯಂತ್ರವೇ ಅಲ್ಲವೆಂದು ನಾನು ಶಾಸ್ತ್ರೋಕ್ತವಾಗಿ ವಾದಿಸಿ ಗೆದ್ದೆ. ಬೆರಳು ಮೆಲ್ಲಗೆ ಬಾಗಿ ನಿಂಬೆಹಣ್ಣನ್ನು ಮುಟ್ಟುತ್ತದೆ ಎಂದು ಸಾರಿ, ಅದರ ಬುಡದಲ್ಲಿದ್ದ ವಿದ್ಯುತ್ ಅಯಸ್ಕಾಂತದ ಗುಂಡಿ ಒತ್ತಿದೆ.

ಛಟೀರ್!

ನಿಂಬೆಹಣ್ಣು ನೇರ ಅರ್ಚಕರ ಹಣೆಗೆ ಹೋಯಿತು. ಕೈ ತಾನಾಗಿ ಗುಂಡಿ ಬಿಟ್ಟಿತು, ಬೆರಳು ನೆಟ್ಟಗಾಯಿತು. ಆರಿಸುತ್ತೇನೆಂದು ಗಾಬರಿಯಲ್ಲಿ ಮತ್ತೆ ಅದೇ ಗುಂಡಿ ಒತ್ತಿದೆ. ಈ ಸಲ ತಟ್ಟೆ ಹಾರಿತು. ಮಾಲೀಕರ ಬಿಳಿ ಪಂಚೆ, ಬಿಳಿ ಅಂಗಿ, ಬಿಳಿ ಮೀಸೆ, ಎಲ್ಲ ಕೆಂಪು. ನನ್ನ ಕೈ ಇನ್ನೂ ಗುಂಡಿಯ ಮೇಲೇ ಇತ್ತು.

"ರೀ, ಮೊದ್ಲು ಅದರ ಮೇಲಿಂದ ಕೈ ತೆಗೀರಿ," ಎಂದಳು ಸುಧಾ.

ತಂಡ ಮುಳುಗಿತು ಎಂದುಕೊಂಡೇ ಮನೆಗೆ ಬಂದೆ. ಹಬ್ಬ ಮುಗಿದ ಮೇಲೆ ಬೆರಳನ್ನು ಕೊಯ್ದು ನೋಡಿದರೆ, ರಬ್ಬರು ಗಟ್ಟಿಯಾಗುವಷ್ಟರಲ್ಲಿ ಕಬ್ಬಿಣವೆಲ್ಲ ತುದಿಗಿಳಿದು ಕೂತಿತ್ತು. ನನ್ನ ಕಂಪ್ಯೂಟರಿನಲ್ಲಿ ಪುಡಿ ಎಲ್ಲೆಡೆ ಸಮನಾಗಿತ್ತು. ನಾನು ಹಿಸುಕಿದ ಅಗುಳು ಆ ಪಾತ್ರೆಯದೇ ಅಲ್ಲ!

ಅಷ್ಟರಲ್ಲಿ ಮಾಲೀಕರ ಫೋನ್ ಬಂತು. ಬೈಗುಳಕ್ಕೆ ಸಿದ್ಧನಾಗಿ ಕಣ್ಣು ಮುಚ್ಚಿ ಕಿವಿಗಿಟ್ಟುಕೊಂಡೆ.

"ಸಾರ್, ಎತ್ತೋ ಬೆರಳು ಬೇಡ. ಬೆಲ್ಟ್ ಮೇಲೆ ಬರೋ ಕೆಟ್ಟ ಪೀಸ್‌ಗಳನ್ನ ಆಚೆ ತಳ್ಳೋಕೆ ಏನಾದ್ರೂ ಬೇಕಿತ್ತು. ಅವತ್ತು ಹೊಡೀತಲ್ಲ, ಅಂಥದ್ದೇ ಮಾಡ್ಕೊಡಿ."

ಆರ್ಡರ್ ಬಂತು, ತಂಡ ಉಳಿಯಿತು, ಕಚೇರಿಯಲ್ಲಿ ಮೈಸೂರುಪಾಕು ಹಂಚಿದರು. ಅಂದಿನಿಂದ ಬೆರಳಿನ ಮೇಲೆ ಬೆರಳು ಎರಕ ಹೊಯ್ಯುತ್ತಲೇ ಇದ್ದೇನೆ, ಪುಡಿ ಅಂದು ತುದಿಯಲ್ಲಿ ಕೂತಂತೆ ಮತ್ತೆ ಕೂರುತ್ತಿಲ್ಲ. ಒಂದು ಬಾಗುತ್ತದೆ, ಇನ್ನೊಂದು ನಡುಗುತ್ತದೆ, ಹೊಡೆಯುವುದು ಮಾತ್ರ ಒಂದೂ ಇಲ್ಲ. ಅಂದು ಗೊತ್ತಿಲ್ಲದೆ ಮಾಡಿದ ತಪ್ಪನ್ನು ಈಗ ಸಂಬಳ ತೆಗೆದುಕೊಂಡೂ ಸರಿಯಾಗಿ ಮಾಡಲು ನನಗೆ ಬರುತ್ತಿಲ್ಲ!