ಖಂಡೇಪೂಜೆಗೆ ಕುಳಿತ ಮೌಸು

ಹೆದರುವುದರಲ್ಲೂ ಕೆಲವರಿಗೆ ಶಿಸ್ತು ಇರುತ್ತದೆ; ನನಗಿದೆ. ಯಾವ ದಿನ ಯಾವುದಕ್ಕೆ ಹೆದರಿದೆನೆಂದು ದಿನಚರಿಯಲ್ಲಿ ತಾರೀಖು ಹಾಕಿ ಬರೆದು, ತಿಂಗಳ ಕೊನೆಗೆ ಕೂಡಿಸುತ್ತೇನೆ. ನಾಯಿ, ಗಣಿತ, ಸೋದರತ್ತೆ ಬಹುಕಾಲ ಮುಂದಿದ್ದರು. ಸವದತ್ತಿಯ ಲಗ್ನಪತ್ರಿಕೆಯ ಪ್ರೆಸ್ಸಿಗೆ ಕಂಪ್ಯೂಟರು ಬಂದು, ಅದರ ಮುಂದೆ ನಾನು ಕೆಲಸಕ್ಕೆ ಕುಳಿತ ವರ್ಷ ಅವರನ್ನೆಲ್ಲ ಮೌಸು ಹಿಂದೆ ಹಾಕಿತು. ಮಾಲಕ ಬಸಲಿಂಗಣ್ಣನವರು ಮೊದಲ ದಿನವೇ ಹೇಳಿದ್ದರು: "ನೋಡವಾ ತಂಗಿ, ಇದು ಕೆಟ್ರ ನೀ ಮನೀಗೆ, ನಾ ಬೀದೀಗೆ."

ಮಹಾನವಮಿಯ ಖಂಡೇಪೂಜೆ ಬಂತು. ಮಣೆಯ ಮೇಲೆ ಕಾಗದ ಕತ್ತರಿಸುವ ಚಾಕು, ನಟ್ಟು ತಿರುಗಿಸುವ ಪಾನಾ ಎಲ್ಲ ಕುಳಿತವು. ಪೂಜೆಯ ಹೊತ್ತಿಗೆ ಕಂಪ್ಯೂಟರಿನ ಬೆಳಕು ಆರಬಾರದೆಂದು ಅದನ್ನು ಚಾಲೂ ಇಟ್ಟಿದ್ದೆವು. ಮೌಸಿನ ವೈರು ಮಾತ್ರ ಮಣೆಯವರೆಗೆ ಎಟುಕಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಮಾಲಕರು ಕಿತ್ತೇಬಿಟ್ಟರು. ವೀಳ್ಯದೆಲೆಯ ಮೇಲೆ ಮಲಗಿಸಿ ಮೂರೆಳೆ ವಿಭೂತಿ ಹಚ್ಚಿ, ಚೆಂಡುಹೂ ಏರಿಸಿದರು.

"ಅಣ್ಣಾರ, ಬಾಲಾನ ಕಿತ್ತಿರಲ್ರೀ, ಜೀವ ಉಳದೀತೇನ್ರಿ?" ಎಂದರು ಛಾಪುವ ಮಷೀನಿನ ಖಾದರಸಾಬರು.

ಆರತಿಯಾದ ಮೇಲೆ ವೈರನ್ನು ಮತ್ತೆ ಚುಚ್ಚಿದೆ. "ಹೂಂ, ಒಂದ್ ಪತ್ರಿಕಿ ತಗಿಯವಾ, ಮುಹೂರ್ತ ಮಾಡೂಣು" ಎಂದರು ಮಾಲಕರು. ಪರದೆಯ ಮೂಲೆಯಲ್ಲಿದ್ದ ಬಾಣ ಅಲುಗಲಿಲ್ಲ. ಮೌಸನ್ನು ಮೇಜಿನ ಅಂಚಿನವರೆಗೆ ಎಳೆದಾಡಿದೆ. ಮಗುಚಿ, ಹೊಟ್ಟೆಯ ಗುಂಡು ತೆಗೆದು, ವಿಭೂತಿ ಒರೆಸಿದೆ. ಊಹೂಂ. ಪೂಜೆ ಮಾಡಿದ್ದಕ್ಕೆ ಕೆಲಸ ಹೋಯಿತೆಂದರೆ ಅವ್ವ ನಂಬುತ್ತಾಳೆಯೇ?

"ಯಾಕ ತಡಾ?"

"ಬಾಣ... ಸ್ವಲ್ಪ ನಿಂತೈತ್ರಿ."

"ಪ್ರಸಾದಕ್ಕ ಕಾಯಾಕ ಹತ್ತೇತಿ, ಕೊಡ್ರಿ ಒಂದೀಟು" ಎಂದರು ಖಾದರಸಾಬರು. ಮಾಲಕರು ನಗಲಿಲ್ಲ. ನನ್ನನ್ನೇ ನೋಡಿದರು. ಕಿತ್ತದ್ದು ಅವರು, ಆದರೆ ಪಗಾರ ತೆಗೆದುಕೊಳ್ಳುವವಳು ನಾನು.

ಆಗ ಕರೆಂಟು ಹೋಯಿತು. ಕತ್ತಲಲ್ಲಿ ನನ್ನ ಮುಖ ಕಾಣದೆಂಬುದೊಂದೇ ಸಮಾಧಾನ. ಕರೆಂಟು ಮರಳಿ ಬಂದಾಗ ಕಣ್ಣು ಮುಚ್ಚಿ ಕಂಪ್ಯೂಟರಿನ ಗುಂಡಿ ಒತ್ತಿದೆ. ಯಂತ್ರ ಗೊರಗುಟ್ಟಿ ಎದ್ದಿತು. ಬಾಣ ನನ್ನ ಕೈ ಹಿಂದೆಯೇ ಓಡಿತು! "ಎಲ್ಲವ್ವ ಕೈ ಬಿಡಲಿಲ್ಲ!" ಎಂದು ಮಾಲಕರು ಗುಡ್ಡದ ಕಡೆ ಕೈಮುಗಿದರು. "ಕರೆಂಟ್ ಆಫೀಸಿನಾವ್ರಿಗೂ ಒಂದ್ ಕಾಯಿ ಒಡೀರಿ" ಎಂದರು ಖಾದರಸಾಬರು.

ಆಮೇಲೆ ತಿಳಿಯಿತು: ಆ ಕಂಪ್ಯೂಟರು ಎದ್ದ ಕೂಡಲೇ, ತನ್ನ ಬೆನ್ನಿನ ಯಾವ ತೂತಿನಲ್ಲಿ ಯಾರಿದ್ದಾರೆಂದು ಸಾಲಿ ಮಾಸ್ತರರಂತೆ ಹಾಜರಿ ತೆಗೆದುಕೊಳ್ಳುತ್ತದೆ. ನಡುವೆ ಎದ್ದುಹೋಗಿ ಬಂದ ಮೌಸು, ಕಣ್ಣೆದುರೇ ಕುಳಿತರೂ ಅದಕ್ಕೆ ಗೈರುಹಾಜರು. ಮತ್ತೆ ಎದ್ದು ಹಾಜರಿ ಕೂಗಿದಾಗಲೇ ಗುರುತು.

ಅಂದಿನಿಂದ ಖಂಡೇಪೂಜೆಯಲ್ಲಿ ನಾನು ಮೌಸು ಹಿಡಿದ ಕೈ ಬಿಡುವುದಿಲ್ಲ, ಕುರ್ಚಿಯಿಂದ ಏಳುವುದೂ ಇಲ್ಲ. ಮಾಲಕರು ತಟ್ಟೆಯನ್ನೇ ಇಲ್ಲಿಗೆ ತಂದು ಬೆಳಗುತ್ತಾರೆ. ಹೀಗಾಗಿ ಪ್ರತಿವರ್ಷ ನನ್ನ ಬೆರಳಿಗೂ ವಿಭೂತಿ, ನನ್ನ ಮುಖಕ್ಕೂ ಆರತಿ. ಕೈ ಇನ್ನೂ ನಡುಗುತ್ತದೆ. ಭಕ್ತಿಯೆಂದು ಅವರು ತಿಳಿದಿದ್ದಾರೆ.