ಖಾಲಿ ಹೊಟ್ಟೆಯ ರಕ್ತ

ಸಂಶೋಧನೆ ಅಂದರೆ ಬಿಳಿ ಕೋಟು, ಗಾಜಿನ ನಳಿಕೆ, ಗಂಭೀರ ಮುಖ ಅಂತ ಜನ ತಿಳಿದಿರುತ್ತಾರೆ. ನಾನೂ ಹಾಗೆ ತಿಳಿದೇ ಸೇರಿದ್ದೆ. ತೊಂಬತ್ತರ ದಶಕದ ಕೊನೆಗೆ ವಿಶ್ವವಿದ್ಯಾಲಯದ ಜೀವರಸಾಯನಶಾಸ್ತ್ರ ವಿಭಾಗದಲ್ಲಿ ಪಿಎಚ್.ಡಿ. ಮಾಡುತ್ತಿದ್ದವಳು, ನಲವತ್ತು ಜನರ ರಕ್ತ ಬೇಕು ಅಂತ ನಮ್ಮ ಕೊಟ್ಟೂರು, ಕೂಡ್ಲಿಗಿ ಸೀಮೆಗೇ ಬಂದೆ ನೋಡಿ, ಅವತ್ತಿಗೆ ಗಾಂಭೀರ್ಯ ಮುಗಿಯಿತು. ಪ್ರಬಂಧ ಒಪ್ಪಿಸಲು ಮೂರೇ ತಿಂಗಳು ಉಳಿದಿತ್ತು. ತಪ್ಪಿದರೆ ನಾಲ್ಕು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಇಂಥ ಹೊತ್ತಿನಲ್ಲೇ ನಮ್ಮವರ ಮಧ್ಯೆ ದಿನಕ್ಕೊಂದು ಏನಾದರೂ ಆಗದೆ ಇರುತ್ತಿರಲಿಲ್ಲ.

೧. ಅಜ್ಜಿಯ ಪರೀಕ್ಷೆ

ಕೊಟ್ಟೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಅಜ್ಜಿ ಶೇಂಗಾ ಸುಲಿಯುತ್ತಾ, "ಅದೇನು ಓದ್ತಿಯವ್ವಾ ಇಷ್ಟು ವರ್ಷ?" ಅಂತ ಕೇಳಿದಳು.

"ನೈಟ್ರಿಕ್ ಆಕ್ಸೈಡ್ ಅಂತ ಒಂದು ಗಾಳಿ ಅಜ್ಜಿ. ನಮ್ಮ ಮೈಯಾಗ ಹುಟ್ಟತೈತಿ. ರಕ್ತನಾಳಕ್ಕ ಸಡಿಲಾಗು ಅಂತ ಸುದ್ದಿ ಮುಟ್ಟಸತೈತಿ. ಪ್ರೋಟೀನಿಗೆ ಅಂಟಿಕೊಂಡು ಅದರ ಕೆಲಸಾನ ಬದಲಿ ಮಾಡಿಬಿಡತೈತಿ."

"ಹೊಸ ಸೊಸಿ ಮನಿಗೆ ಬಂದಂಗ ಅನ್ನು."

ಅಡುಗೆಮನೆಯಲ್ಲಿ ಅಮ್ಮ ಪಾತ್ರೆಯೊಂದನ್ನು ಜೋರಾಗಿ ಇಟ್ಟ ಸದ್ದು ಕೇಳಿಸಿತು. ಅಜ್ಜಿ ಆ ಕಡೆ ಗಮನ ಕೊಡಲಿಲ್ಲ.

"ಎಷ್ಟೊತ್ತು ಇರತೈತಿ ಅದು?"

"ನಾಲ್ಕೈದು ಸೆಕೆಂಡು."

"ಕಣ್ಣಿಗೆ ಕಾಣತೈತೇನು?"

"ಇಲ್ಲ."

ಅಜ್ಜಿ ಶೇಂಗಾ ಕೆಳಗಿಟ್ಟಳು. "ಕಣ್ಣಿಗೆ ಕಾಣದ್ದರ ಹಿಂದ ನಾಕು ವರ್ಷ ತಿರುಗೋ ತಾಳ್ಮಿ ಐತಿ ನಿನಗ. ಮೊನ್ನಿ ನೋಡಾಕ ಬಂದ ಗಂಡು ಕಣ್ಣೆದುರಿಗೇ ಕುಂತಿದ್ದ. ಅವನ ಜೋಡಿ ಹತ್ತು ನಿಮಿಷ ಮಾತಾಡಾಕ ಏನಾಗಿತ್ತು?"

೨. ಕೆಂಪು ಬಣ್ಣದ್ದು

ತೆಗೆದ ರಕ್ತವನ್ನು ಐಸಿನಲ್ಲಿಟ್ಟು ಬಸ್ಸಿನಲ್ಲಿ ಒಯ್ಯಬೇಕಿತ್ತು. ಐಸು ಸಿಗುತ್ತಿದ್ದದ್ದು ಕೂಡ್ಲಿಗಿಯ ಒಂದು ಐಸ್‌ಕ್ಯಾಂಡಿ ಅಂಗಡಿಯಲ್ಲಿ. ಅಂಗಡಿಯಾತ ಒಳ್ಳೆಯವನು, ಏನು ಎತ್ತ ಅಂತ ಕೇಳದೆ ಗಡ್ಡೆ ಒಡೆದು ಕೊಡುತ್ತಿದ್ದ. ಒಂದು ದಿನ ನಾನು ಥರ್ಮಾಕೋಲ್ ಡಬ್ಬಿ ತೆರೆದು ನಳಿಕೆಗಳ ಸುತ್ತ ಐಸು ತುಂಬುತ್ತಿದ್ದಾಗ ಶಾಲೆ ಬಿಟ್ಟಿತು. ಮಕ್ಕಳ ದಂಡು ಬಂದು ಡಬ್ಬಿಯೊಳಗೆ ಇಣುಕಿತು.

"ನಮಗ ಆ ಕೆಂಪಂದು ಬೇಕು!"

ನಾನು ದಡಬಡಿಸಿ ಡಬ್ಬಿ ಮುಚ್ಚಿದೆ. ಅಂಗಡಿಯಾತ ಮಾತ್ರ ಕಣ್ಣು ಕೂಡ ಮಿಟುಕಿಸದೆ ಹೇಳಿದ: "ಅದು ಎಮ್ಮೆಸ್ಸಿ ಪಾಸಾದೋರಿಗಷ್ಟ ಕೊಡೋದು. ನೀವು ಮೊದಲು ಮಗ್ಗಿ ಒಪ್ಪಿಸ್ರಿ."

ಅಂಗಡಿ ಕ್ಷಣದಲ್ಲಿ ಖಾಲಿಯಾಯಿತು. ಅವತ್ತಿನ ವ್ಯಾಪಾರ ಹೋಯಿತಲ್ಲಾ ಅಂತ ನಾನು ಪೇಚಾಡಿದರೆ ಅವನು, "ಇರ್ಲಿ ಬಿಡ್ರಿ, ಮಗ್ಗಿ ಅಂದ್ರ ಇಷ್ಟು ಜೋರು ಓಡ್ತಾವಂತ ನನಗೂ ಇವತ್ತ ಗೊತ್ತಾತು" ಅಂದ.

೩. ಅತ್ತೆಯ ಉಸ್ತುವಾರಿ

ನಲವತ್ತು ಜನರನ್ನು ಒಟ್ಟು ಹಾಕಿಕೊಟ್ಟವಳು ಕಾನಹೊಸಹಳ್ಳಿಯ ನನ್ನ ಸೋದರತ್ತೆ. ಇಪ್ಪತ್ತು ಜನ ಬಿ.ಪಿ. ಇದ್ದವರು, ಇಪ್ಪತ್ತು ಜನ ಇಲ್ಲದವರು. ಅತ್ತೆಯ ಮಾತು ಮೀರುವವರು ಆ ಓಣಿಯಲ್ಲಿ ಹುಟ್ಟಿರಲಿಲ್ಲ.

ನೈಟ್ರಿಕ್ ಆಕ್ಸೈಡ್ ಕೈಗೆ ಸಿಗುವುದಿಲ್ಲ. ಅದು ರಕ್ತದಲ್ಲಿ ಬಿಟ್ಟುಹೋಗುವ ನೈಟ್ರೇಟನ್ನು ಅಳೆಯಬೇಕು. ತಾಪತ್ರಯವೆಂದರೆ ಸೊಪ್ಪು ತಿಂದರೂ ಅದೇ ನೈಟ್ರೇಟು ರಕ್ತಕ್ಕೆ ಬರುತ್ತದೆ. ಅದಕ್ಕೇ ಅತ್ತೆಗೆ ಹೇಳಿದ್ದೆ: ಎರಡು ದಿನ ಯಾರೂ ಸೊಪ್ಪು ಮುಟ್ಟಬಾರದು, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರಬೇಕು. "ಅಷ್ಟ ತಾನ? ಬಿಡು" ಅಂದಿದ್ದಳು.

ಬಿ.ಪಿ. ಇದ್ದವರಲ್ಲಿ ನೈಟ್ರಿಕ್ ಆಕ್ಸೈಡ್ ಕಡಿಮೆ ಇರಬೇಕು ಅಂತ ನಮ್ಮ ಲೆಕ್ಕ. ಅಳೆದು ನೋಡಿದರೆ ಅವರಲ್ಲೇ ದುಪ್ಪಟ್ಟು! ನಮ್ಮ ಪ್ರೊಫೆಸರರು ಕುರ್ಚಿಯಿಂದ ಎದ್ದೇ ನಿಂತರು. "ಹೊಸ ಸಂಗತಿ ಕಣಮ್ಮಾ! ಪ್ರಪಂಚದಲ್ಲಿ ಯಾರೂ ಹೇಳಿಲ್ಲ. ಇನ್ನೊಂದು ಸಲ ರಕ್ತ ತೆಗೆಯೋಣ, ನಾನೇ ಬರ್ತೀನಿ." ಆ ರಾತ್ರಿ ನನಗೆ ಸಂತೋಷಕ್ಕೆ ನಿದ್ದೆ ಬರಲಿಲ್ಲ.

ಪ್ರೊಫೆಸರರು ಅತ್ತೆಯ ಮನೆಗೆ ಬಂದರು. ರಕ್ತ ತೆಗೆಯಲು ಒಪ್ಪಿದ್ದ ಆ ಊರಿನ ನಿವೃತ್ತ ನರ್ಸಮ್ಮ ಪಡಸಾಲೆಯಲ್ಲಿ ಸೂಜಿ ಹಿಡಿದು ಕೂತರು. ಪ್ರೊಫೆಸರರು ಕೈ ತೊಳೆಯಲು ಹಿತ್ತಿಲಿಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಹುಡುಕಿಕೊಂಡು ಹೋದೆ.

ಹಿತ್ತಿಲಲ್ಲಿ ನಮ್ಮ ಬಿ.ಪಿ.ಯವರು ಸಾಲಾಗಿ ಕೂತಿದ್ದಾರೆ. ಪ್ರತಿಯೊಬ್ಬರ ಕೈಯಲ್ಲಿ ಬಿಸಿ ರೊಟ್ಟಿ, ಅದರ ಮೇಲೆ ಬೊಗಸೆಯಷ್ಟು ರಾಜಗಿರಿ ಸೊಪ್ಪಿನ ಪಲ್ಯ, ಪಕ್ಕದಲ್ಲಿ ಹಸಿ ಮೆಂತ್ಯದ ತಪ್ಪಲು. ತಿಂದು, ಬಾಯಿ ಮುಕ್ಕಳಿಸಿ, ಉಪವಾಸದ ಮುಖ ಹೊತ್ತು ಒಬ್ಬೊಬ್ಬರೇ ಪಡಸಾಲೆಗೆ ಬರುವ ಏರ್ಪಾಡು. ಪ್ರೊಫೆಸರರು ಬಾವಿಕಟ್ಟೆ ಹಿಡಿದುಕೊಂಡು ನಿಂತಿದ್ದರು.

"ಅತ್ತೀ!" ಅಂತ ಕಿರುಚಿದೆ. "ಏನ್ ಮಾಡಿಬಿಟ್ಟಿ?"

"ಬಿ.ಪಿ. ಇದ್ದೋರು, ಪಾಪ, ಹಸಕೊಂಡು ರಕ್ತ ಕೊಟ್ರ ತಲಿ ತಿರುಗಿ ಬೀಳಂಗಿಲ್ಲೇನು? ಗಟ್ಟಿ ಇರೋರು ಹೆಂಗೋ ತಡಕೊಂತಾರಂತ ಅವ್ರಿಗೆ ಕೊಟ್ಟಿಲ್ಲ." ಆಮೇಲೆ ದನಿ ತಗ್ಗಿಸಿದಳು. "ಹಸಿದೋರ ರಕ್ತ ತಗಂಡು ಓದಿದ್ರ ನಿನಗ ಒಳ್ಳೇದಾಗತೈತೇನವ್ವಾ? ಯಾರ ನಿಟ್ಟುಸಿರೂ ನಿನಗ ತಟ್ಟಬಾರದಂತ ಎರಡೂ ಸಲ ನಸುಕಿಗೇ ಎದ್ದು ರೊಟ್ಟಿ ಬಡದೀನಿ."

ನನಗೆ ಅಳು ಬಂತು. ಪ್ರಪಂಚಕ್ಕೇ ಹೊಸದಾದ ನನ್ನ ಸಂಗತಿ ಹೋಯಿತು ಅಂತ ಅರ್ಧ, ಅತ್ತೆಯ ಪ್ರೀತಿಗೆ ಅರ್ಧ. ಪ್ರೊಫೆಸರರು ಸಾಲಿನ ಕೊನೆಯಲ್ಲಿ ಕೂತು ರೊಟ್ಟಿಗೆ ಕೈ ಚಾಚಿದರು.

ಅವಧಿ ಮುಗಿಯಲು ಹತ್ತು ದಿನ ಇರುವಾಗ ಮತ್ತೆ ರಕ್ತ ತೆಗೆದೆವು. ಈ ಸಲ ಅತ್ತೆ ಒಲೆಯನ್ನೇ ಹಚ್ಚಲಿಲ್ಲ. ಹಿತ್ತಿಲ ಬಾಗಿಲಿಗೆ ಅಡ್ಡ ಕೂತು ತಾನೂ ಎಲ್ಲರ ಜೊತೆ ಹಸಿದುಕೊಂಡಿದ್ದಳು. ಫಲಿತಾಂಶ ಲೆಕ್ಕದ ಪ್ರಕಾರವೇ ಬಂತು, ಪ್ರಬಂಧ ಒಪ್ಪಿಸಿದೆ, ಪದವಿಯೂ ಆಯಿತು. ಪೇಡೆ ತಗೊಂಡು ಅತ್ತೆಯ ಮನೆಗೆ ಹೋದೆ.

"ಕೊನಿಗೆ ಏನಂತ ಬಂತವ್ವಾ?"

"ಬಿ.ಪಿ. ಇದ್ದೋರಾಗ ಕಡಿಮಿ ಐತಿ ಅಂತ, ಅತ್ತಿ."

ಅತ್ತೆ ಪೇಡೆಯನ್ನು ಬಾಯಿಗೆ ಹಾಕಿಕೊಳ್ಳುವವಳು ಅಲ್ಲೇ ನಿಲ್ಲಿಸಿದಳು.

"ಕಡಿಮಿ ಆಗದ ಇನ್ನೇನಾಗತೈತಿ? ನಾ ತಿನಿಸಿದಾಗ ದುಪ್ಪಟ್ಟಿತ್ತು, ನೀ ಬಿಡಿಸಿದಿ, ಇಳೀತು. ತಾನ ಇಳಿಸಿ, ಇಳಿದೈತಿ ಅಂತ ಬರಕೊಟ್ಟೋಳಿಗೆ ಡಾಕ್ಟರ್ ಪದವಿ ಕೊಟ್ಟಾರ. ಏರಿಸಿದೋಳಿಗೆ ಒಂದು ಪೇಡೆ!"